ತೋಟದ ಟ್ರ್ಯಾಕ್ಟರಿನ ಮೂತಿಗೆ ಸ್ನೋ ಬ್ಲೋವರ್

ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ 18 ಕುದುರೆಶಕ್ತಿಯ ಗಾರ್ಡನ್ ಟ್ರ್ಯಾಕ್ಟರು ನವೆಂಬರಿಂದ ಏಪ್ರಿಲ್‌ವರೆಗೆ ಗರಾಜಿನ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಅಮೆರಿಕ, ಕೆನಡಾ ನಡುವಿನ ಗ್ರೇಟ್ ಲೇಕ್ಸ್ ಸರೋವರಗಳ ಸುತ್ತಲಿನ ಮಿಷಿಗನ್, ಪಶ್ಚಿಮ ನ್ಯೂಯಾರ್ಕ್, ಒಂಟಾರಿಯೊ ಕಡೆ ನಿಜವಾದ ದುಡಿಮೆ ಇರುವುದೇ ಆ ತಿಂಗಳುಗಳಲ್ಲಿ. ಸರೋವರದ ಮೇಲಿಂದ ಹಾದುಬರುವ ಚಳಿಗಾಳಿ ಅಲ್ಲಿನ ತೇವ ಹೀರಿಕೊಂಡು ಬಂದು ಒಂದೇ ರಾತ್ರಿ ಒಂದಡಿ ಸ್ನೋ ಸುರಿಸಿ ಹೋದರೆ ಅದು ಸುದ್ದಿಯೂ ಅಲ್ಲ. 200 ಅಡಿ ಉದ್ದ, 12 ಅಡಿ ಅಗಲದ ಡ್ರೈವ್‌ವೇ ಮೇಲೆ ಒಂದಡಿ ಬಿದ್ದರೆ 68 ಘನ ಮೀಟರ್ ಆಯಿತು. ಘನ ಮೀಟರಿಗೆ ಬರೀ 80 ಕಿಲೊ ಎಂದು ಹಿಡಿದರೂ ಐದು ಟನ್ನಿಗೆ ಮೇಲೆ. ಡೆಟ್ರಾಯಿಟ್, ಬಫಲೊ, ಟೊರೊಂಟೊ ಹೊರವಲಯದಲ್ಲಿ ಎಕರೆಗಟ್ಟಲೆ ಜಾಗ ಹಿಡಿದು ಕೂತ ಕನ್ನಡಿಗರಿಗೂ ಈ ಲೆಕ್ಕ ಗೊತ್ತಾಗುವುದು ಮೊದಲ ಚಳಿಗಾಲದಲ್ಲೇ. ಸಲಿಕೆಯಿಂದ ಮುಗಿಯುವ ಕೆಲಸ ಅಲ್ಲ ಅದು. ಆ ಟ್ರ್ಯಾಕ್ಟರಿನ ಮೂತಿಗೇ ಸ್ನೋ ಬ್ಲೋವರ್, ಅಂದರೆ ಸ್ನೋವನ್ನು ಅಗೆದು ದೂರ ಎಸೆಯುವ ಯಂತ್ರ, ಕೂರಿಸಿದ ಬಗೆ ಇದು.

ಎಲ್ಲರೂ ಮೊದಲು ಕೇಳುವುದು "18 ಎಚ್‌ಪಿ ಸಾಕಾ" ಅಂತ. ಧಾರಾಳ ಸಾಕು. 44 ಇಂಚು ಅಗಲದ ಬ್ಲೋವರ್ ಒಂದಡಿ ಸ್ನೋದಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಮುಂದೆ ಹೋದರೆ ಅದರ ಬಾಯಿಗೆ ಬೀಳುವುದು ಸೆಕೆಂಡಿಗೆ 14 ಕಿಲೊ ಆಸುಪಾಸು. ಅಷ್ಟನ್ನೂ ಸೆಕೆಂಡಿಗೆ 22 ಮೀಟರ್ ವೇಗದಲ್ಲಿ ಎಸೆಯಲು ಬೇಕಾದದ್ದು 3.4 ಕಿಲೊವಾಟ್, ಅಂದರೆ ನಾಲ್ಕೂವರೆ ಎಚ್‌ಪಿ. ಒಳಗಿನ ತಿಕ್ಕಾಟ, ಆಗರ್ ಎಂಬ ಮುಂದಿನ ಸುರುಳಿ ಅಗೆಯುವ ಬಲ ಎಲ್ಲ ಸೇರಿಸಿ ಅದನ್ನು ಎರಡು ಪಟ್ಟು ಮಾಡಿಕೊಂಡರೂ ಎಂಜಿನ್ನಿನಲ್ಲಿ ಇನ್ನೂ ಉಳಿದಿರುತ್ತದೆ. ಇಂಥ ಜೋಡಣೆ ಕೆಡುವುದು ಎಂಜಿನ್ ಸಾಲದೆ ಅಲ್ಲ. ಎಂಜಿನ್ನಿನಿಂದ ಸ್ನೋ ಎಸೆಯುವ ಚಕ್ರದವರೆಗೆ, ಅಂದರೆ ಇಂಪೆಲ್ಲರ್‌ವರೆಗೆ, ಬಲ ಹೋಗುವ ದಾರಿ ಕೆಟ್ಟದಾಗಿದ್ದರೆ ಕೆಡುತ್ತದೆ. ಹಾಗಾಗಿ ಈ ಬರಹದ ಹೆಚ್ಚು ಪಾಲು ಪುಲ್ಲಿ, ಬೆಲ್ಟುಗಳದ್ದೇ.

ಟ್ರ್ಯಾಕ್ಟರು ಅಮೆರಿಕದ ಹಳೆಯ ಮಾದರಿಯದು. ಅಡ್ಡ ಕ್ರ್ಯಾಂಕಿನ ಎರಡು ಸಿಲಿಂಡರ್ ಎಂಜಿನ್, ಅದರ ಮುಂತುದಿಯಲ್ಲಿ ವಿದ್ಯುತ್ ಪಿಟಿಒ ಕ್ಲಚ್ (ಜೋಡಿಸಿದ ಯಂತ್ರಕ್ಕೆ ಎಂಜಿನ್ ಬಲ ಕೊಡುವುದು), ಎಣ್ಣೆಯ ಒತ್ತಡದಿಂದ ಗಾಲಿ ಓಡಿಸುವ ಹೈಡ್ರೋಸ್ಟ್ಯಾಟಿಕ್ ಗೇರು, ಹೈಡ್ರಾಲಿಕ್ ಲಿಫ್ಟ್. ಈ ಕೆಲಸಕ್ಕೆ ಹೈಡ್ರೋಸ್ಟ್ಯಾಟಿಕ್ ಇದ್ದರೆ ಅರ್ಧ ಗೆದ್ದ ಹಾಗೆ. ಎಂಜಿನ್ ಪೂರ್ತಿ ಓಡುತ್ತಿರುವಾಗಲೇ ಗಾಲಿಯನ್ನು ತೆವಳುವಷ್ಟು ನಿಧಾನ ಮಾಡಬಹುದು. ಬ್ಲೋವರ್ ಹೆಡ್ ಬೇರೆ ಕಂಪನಿಯ ಟ್ರ್ಯಾಕ್ಟರಿಗೆಂದು ಮಾಡಿದ್ದು: 44 ಇಂಚು, ಆಗರ್ ಅಗೆದು ಇಂಪೆಲ್ಲರ್ ಎಸೆಯುವ ಎರಡು ಹಂತದ್ದು, 14 ಇಂಚಿನ ಇಂಪೆಲ್ಲರ್. ಹೊಂದಿಸುವ ಭಾಗಗಳೆಲ್ಲ ಕಳೆದುಹೋಗಿದ್ದ ಕಾರಣ ಅಗ್ಗ. ಹೆಡ್ ಆರಿಸುವಾಗ ಅಗಲದಲ್ಲಿ ರಾಜಿ ಬೇಡ. ನಡೆದು ತಳ್ಳುವ ಯಂತ್ರದಿಂದ ಬಿಚ್ಚಿದ 28 ಇಂಚಿನ ಹೆಡ್ ಹಾಕಿದರೆ ಟ್ರ್ಯಾಕ್ಟರಿನ ಗಾಲಿಗಳು ತೆಗೆಯದ ಸ್ನೋದ ಮೇಲೆ ಓಡಿ ಅದನ್ನು ಒತ್ತಿ ಗಟ್ಟಿ ಮಾಡುತ್ತವೆ. ಹಿಂದಿನ ಗಾಲಿಗಳ ಹೊರ ಅಂಚಿಗಿಂತ ಎರಡೂ ಕಡೆ ಒಂದೊಂದು ಇಂಚಾದರೂ ಹೆಚ್ಚಿಗೆ ಇರಲಿ.

ಇನ್ನು ತಿರುಗುವ ದಿಕ್ಕು. ಈ ಬಗೆಯ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಪಿಟಿಒ ತುದಿಯನ್ನು ಎದುರಿನಿಂದ ನೋಡಿದರೆ ಶಾಫ್ಟು ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ನಡೆದು ತಳ್ಳುವ ಬ್ಲೋವರ್‌ಗಳಲ್ಲಿ ಎಂಜಿನ್ ಇದೇ ಮುಖ ಮಾಡಿ ಕೂತಿರುವುದರಿಂದ ಇಂಪೆಲ್ಲರೂ ಅದೇ ದಿಕ್ಕು. ನೇರ ಬೆಲ್ಟ್ ದಿಕ್ಕನ್ನು ಬದಲಿಸದು. ಬೆಲ್ಟನ್ನು ಎರಡು ಹಂತ ಹಾಕಿದರೂ ಹಾಗೇ. ಆದರೆ ನಿಲುವು ಕ್ರ್ಯಾಂಕಿನ ಎಂಜಿನ್ ಇರುವ ಟ್ರ್ಯಾಕ್ಟರಿಗೆ ಮಾಡಿದ ಹೆಡ್‌ನಲ್ಲಿ ಇದನ್ನು ನಂಬಬೇಡಿ. ಕೈಯಲ್ಲಿ ಇಂಪೆಲ್ಲರ್ ಪುಲ್ಲಿ ತಿರುಗಿಸಿ ನೋಡಿ: ಆಗರಿನ ಹಲ್ಲುಗಳು ಮುಂದೆ ಮೇಲಿನಿಂದ ಕೆಳಕ್ಕೆ ಇಳಿದು ಹಿಂದಕ್ಕೆ ಎಳೆಯಬೇಕು, ಸುರುಳಿಗಳು ಎರಡೂ ಬದಿಯಿಂದ ನಡುವಿಗೆ ತಳ್ಳಬೇಕು, ಇಂಪೆಲ್ಲರ್ ಅಲಗಿನ ಒಳಬಾಗಿದ ಮುಖ ಮುಂದಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಹೆಡ್ ಬೇಡ.

ಇಂಪೆಲ್ಲರ್ ವೇಗಕ್ಕೆ ನಾನಿಟ್ಟ ಗುರಿ 1200 ಆರ್‌ಪಿಎಂ, ಅಂದರೆ ನಿಮಿಷಕ್ಕೆ 1200 ಸುತ್ತು. 14 ಇಂಚಿನ ಚಕ್ರದ ಅಂಚಿನಲ್ಲಿ ಅದು ಸೆಕೆಂಡಿಗೆ 22 ಮೀಟರ್. 900ಕ್ಕೆ ಇಳಿದರೆ ಒದ್ದೆ ಸ್ನೋ ಹೊರಬೀಳುವ ಕೊಳವೆಯಾದ ಚ್ಯೂಟಿನಲ್ಲೇ ಕಟ್ಟಿಕೊಳ್ಳುತ್ತದೆ. 1500ಕ್ಕೆ ಏರಿಸಿದರೆ ದೂರ ಬೀಳುತ್ತದೆ ನಿಜ, ಆದರೆ ಪ್ರತಿ ಕಿಲೊಗೆ ಬೇಕಾಗುವ ಶಕ್ತಿ ವೇಗದ ವರ್ಗದಂತೆ ಏರುವುದರಿಂದ ಕಾಲು ಭಾಗ ಹೆಚ್ಚು ವೇಗಕ್ಕೆ ಒಂದೂವರೆ ಪಟ್ಟಿಗಿಂತ ಹೆಚ್ಚು ಬಲ ತಿನ್ನುತ್ತದೆ. ಜೊತೆಗೆ ಆಗರೂ ಅದೇ ಪ್ರಮಾಣದಲ್ಲಿ ಜೋರಾಗಿ ಓಡಿ ಗೇರ್‌ಬಾಕ್ಸಿನ ಆಯಸ್ಸು ತಿನ್ನುತ್ತದೆ. ದೂರದ ಆಸೆಗೆ ವೇಗ ಏರಿಸುವುದು ದಡ್ಡತನ. ದೂರಕ್ಕೆ ಬೇರೆ ಉಪಾಯವಿದೆ, ಮುಂದೆ ಹೇಳುತ್ತೇನೆ.

ಎಂಜಿನ್ ಹೊರೆಯಲ್ಲಿ 3450 ಆರ್‌ಪಿಎಂ ಓಡುತ್ತದೆ. ಒಂದೇ ಹಂತದಲ್ಲಿ 1200ಕ್ಕೆ ಇಳಿಸಲು ಐದು ಇಂಚಿನ ಪುಲ್ಲಿಗೆ ಎದುರು 14 ಇಂಚಿಗೂ ದೊಡ್ಡದು ಬೇಕು. ಟ್ರ್ಯಾಕ್ಟರಿನ ಮೂತಿಯಲ್ಲಿ ಅಷ್ಟು ಜಾಗವಿಲ್ಲ. ಹಾಗಾಗಿ ಎರಡು ಹಂತ. ಕ್ಲಚ್ಚಿನ 5 ಇಂಚಿನ ಪುಲ್ಲಿಯಿಂದ ಚಾಸಿಯ ಅಡಿಯಲ್ಲಿರುವ ಜ್ಯಾಕ್‌ಶಾಫ್ಟಿನ (ಬಲ ದಾಟಿಸುವ ನಡುವಿನ ಶಾಫ್ಟಿನ) 8 ಇಂಚಿಗೆ: 2156. ಅಲ್ಲಿಂದ ಒಂದು ಚಿಕ್ಕ ಯು-ಜಾಯಿಂಟ್ ಶಾಫ್ಟು (ತುದಿಗಳಲ್ಲಿ ಬಾಗಿಯೂ ತಿರುಗುವ ಕೀಲು ಇರುವುದು) ಬ್ಲೋವರಿನ ಬೆನ್ನಿನ ಮೇಲಿರುವ ಎರಡನೇ ಜ್ಯಾಕ್‌ಶಾಫ್ಟಿಗೆ. ಅದರ 5 ಇಂಚಿನ ಪುಲ್ಲಿಯಿಂದ ಇಂಪೆಲ್ಲರಿನ 9 ಇಂಚಿಗೆ: 1198. ಇವೆಲ್ಲ ಪಿಚ್ ವ್ಯಾಸಗಳು. ಅಂಗಡಿಯವರು ಹೇಳುವುದು ಹೊರ ವ್ಯಾಸ. ಬೆಲ್ಟು ಪುಲ್ಲಿಯ ತೋಡಿನೊಳಗೆ ಕೂರುವುದರಿಂದ ಲೆಕ್ಕಕ್ಕೆ ಬರುವ ವ್ಯಾಸ ಅದಕ್ಕಿಂತ ಕಾಲಿಂಚಿನ ಮೇಲೆ ಕಡಿಮೆ. ನಾನು ಹಾಕಿದ್ದು ಬಿ ಅಳತೆಯ ವಿ-ಬೆಲ್ಟು, ಹಾಗಾಗಿ ಕ್ಯಾಟಲಾಗಿನ ಬಿ-ಬೆಲ್ಟ್ ಕಾಲಂ ನೋಡಿ ಕೊಳ್ಳಿ.

ಬೆಲ್ಟು ಎರಡೂ ಹಂತದಲ್ಲಿ ಜೋಡಿ. ಬಿ-ಸೆಕ್ಷನ್, ಅರಾಮಿಡ್ ನೂಲಿನದು. ಹಾರ್ಡ್‌ವೇರ್ ಅಂಗಡಿಯಲ್ಲಿ 5ಎಲ್ ಎಂದು ಬರುವ ಬೆಲ್ಟುಗಳು ಅಳತೆಯಲ್ಲಿ ಕೂತರೂ ಫ್ಯಾನು, ಸಣ್ಣ ಮೋಟಾರುಗಳಿಗೆ ಮಾಡಿದವು. ರಸ್ತೆಬದಿಯ ಗಟ್ಟಿ ಗುಡ್ಡೆಗೆ ನುಗ್ಗಿದ ಮೊದಲ ಸಲವೇ ಹೊಗೆ. ಜೋಡಿ ಬೆಲ್ಟು ಒಂದೇ ಬ್ಯಾಚಿನದಾಗಿರಬೇಕು. ಒಂದು ಕೂದಲೆಳೆ ಉದ್ದವಿದ್ದರೆ ಹೊರೆಯೆಲ್ಲ ಇನ್ನೊಂದರ ಮೇಲೆ ಬಿದ್ದು, ಸಡಿಲಾದದ್ದು ತೋಡಿನಲ್ಲಿ ಮಗುಚುತ್ತದೆ.

ಉದ್ದದ ಲೆಕ್ಕ ಹೀಗೆ: ಎರಡು ಶಾಫ್ಟುಗಳ ನಡುವಿನ ಅಂತರದ ಎರಡರಷ್ಟು, ಅದಕ್ಕೆ ಎರಡೂ ವ್ಯಾಸಗಳ ಮೊತ್ತದ 1.57 ಪಟ್ಟು, ಮೇಲೊಂದಿಷ್ಟು ಚಿಲ್ಲರೆ. ಚಿಲ್ಲರೆ ಎಂದರೆ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಅಂತರದ ನಾಲ್ಕರಷ್ಟರಿಂದ ಭಾಗಿಸಿದ್ದು. ಮೊದಲ ಹಂತದಲ್ಲಿ ಅಂತರ 14 ಇಂಚು, ಪುಲ್ಲಿ 5 ಮತ್ತು 8. 28, 20.4, 0.16 ಕೂಡಿಸಿದರೆ 48.6 ಇಂಚು. ಬಿ-ಬೆಲ್ಟಿನ ಸಂಖ್ಯೆ ಒಳ ಅಳತೆಯದು, ಪಿಚ್ ಉದ್ದ ಅದಕ್ಕಿಂತ 1.8 ಇಂಚು ಹೆಚ್ಚು. ಬಿ47 ಎಂದರೆ 48.8, ಬಿಗಿಯಾಗಿ ಕೂರುತ್ತದೆ. ಬೆಲ್ಟನ್ನು ಒತ್ತಿ ಬಿಗಿ ಇಡುವ ಪುಲ್ಲಿಗೆ, ಅಂದರೆ ಐಡ್ಲರಿಗೆ, ಎಳೆಯಲು ಒಂದಿಂಚು ಬೇಕಲ್ಲ, ಅದಕ್ಕೆ ಬಿ48 ಹಾಕಿದೆ.

ಐಡ್ಲರ್ ಯಾವ ಕಡೆ ಎಂಬಲ್ಲಿ ಬಹಳ ಜನ ಎಡವುತ್ತಾರೆ. ಅದು ಸಡಿಲು ಬದಿಯಲ್ಲೇ ಇರಬೇಕು. ಟ್ರ್ಯಾಕ್ಟರಿನ ಎದುರು ನಿಂತು ನೋಡಿ: ಮೇಲಿನ ಪುಲ್ಲಿ ಗಡಿಯಾರಕ್ಕೆ ಎದುರಾಗಿ ತಿರುಗುವಾಗ ನಿಮ್ಮ ಬಲಗಡೆಯ ಬೆಲ್ಟು ಮೇಲಕ್ಕೆ ಏರುತ್ತದೆ, ಅದು ಎಳೆತದ ಬದಿ. ಎಡಗಡೆಯದು ಕೆಳಗಿಳಿಯುತ್ತದೆ, ಅದೇ ಸಡಿಲು. ಎಡಕ್ಕೆ ಸ್ಪ್ರಿಂಗಿನ ಐಡ್ಲರ್. ಬಲಗಡೆ ಹಾಕಿದರೆ ಹೊರೆ ಬಿದ್ದಾಗಲೆಲ್ಲ ಬೆಲ್ಟು ಐಡ್ಲರನ್ನೇ ಹಿಂದೆ ತಳ್ಳಿ ಜಾರುತ್ತದೆ, ಸ್ಪ್ರಿಂಗ್ ಎಷ್ಟು ಬಿಗಿ ಇದ್ದರೂ. ಬೆಲ್ಟಿನ ಬೆನ್ನ ಮೇಲೆ ಒತ್ತುವ ಐಡ್ಲರ್ ಚಪ್ಪಟೆಯಾಗಿರಲಿ, ವ್ಯಾಸ ನಾಲ್ಕು ಇಂಚಿಗೆ ಕಡಿಮೆ ಬೇಡ. ಊರಿನ ಹಿಟ್ಟಿನ ಗಿರಣಿಯಲ್ಲಿ ಬೆಲ್ಟು ಜಾರಿದಾಗ ಮೇಣ ಸವರುವ ಹಾಗೆ ಇಲ್ಲಿ ಬೆಲ್ಟ್ ಡ್ರೆಸಿಂಗ್ ಹೊಡೆಯಲು ಹೋಗಬೇಡಿ. ಸ್ನೋ ಧೂಳು ಅದಕ್ಕೆ ಅಂಟಿ ತೋಡಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಬೆಲ್ಟಿನ ಸುತ್ತ ತಗಡಿನ ಮುಚ್ಚಳ, ಕೆಳಗೆ ಮಾತ್ರ ನೀರಿಳಿಯಲು ತೆರವು, ಇಷ್ಟು ಮಾಡಿದರೆ ಜಾರಾಟದ ಮುಕ್ಕಾಲು ದೂರು ತೀರುತ್ತದೆ.

ಜ್ಯಾಕ್‌ಶಾಫ್ಟು ಒಂದಿಂಚು ದಪ್ಪದ 1045 ಉಕ್ಕು, ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಕಾಲಿಂಚಿನ ಕೀ, ಬೇರಿಂಗುಗಳು ಯುಸಿಪಿ205-16. ಕೊನೆಯ 16 ಇದೆಯೇ ನೋಡಿ, ಬರೀ 205 ಎಂದರೆ 25 ಮಿಲಿಮೀಟರಿನ ತೂತು, ಇಂಚಿನ ಶಾಫ್ಟು ಹೋಗದು. ಬೇರಿಂಗಿನ ಸೆಟ್ ಸ್ಕ್ರೂ ಕೂರುವಲ್ಲಿ ಶಾಫ್ಟನ್ನು ಅರದಿಂದ ಚಪ್ಪಟೆ ಮಾಡಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಬಿಗಿ ಮಾಡಿ. ಇಲ್ಲವಾದರೆ ನಡುಕಕ್ಕೆ ಶಾಫ್ಟು ಮೆಲ್ಲಗೆ ಮುಂದೆ ಸರಿದು ಪುಲ್ಲಿಗಳ ನೇರ ತಪ್ಪುತ್ತದೆ. ನೇರ ನೋಡಲು ಉದ್ದದ ಸಮಪಟ್ಟಿಯೊಂದನ್ನು ಎರಡೂ ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿಯಿರಿ. ನಾಲ್ಕು ಕಡೆ ತಾಗಬೇಕು. ಹೆಡ್ ನೆಲದ ಮೇಲೆ ಕೂತಿರುವಾಗ, ಟ್ರ್ಯಾಕ್ಟರಿನ ಟೈರಿನಲ್ಲಿ ಗಾಳಿ ಸರಿಯಿರುವಾಗ ನೋಡಿ. ಜ್ಯಾಕಿನ ಮೇಲೆ ಎತ್ತಿಟ್ಟು ನೋಡಿದ ನೇರ ನೆಲಕ್ಕಿಳಿದ ಮೇಲೆ ಉಳಿಯುವುದಿಲ್ಲ.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಒಂದೇ: ಹೆಡ್ ಎತ್ತುವಾಗ ತಿರುಗುವ ಕೀಲು ಎಲ್ಲಿರಬೇಕು? ಎಂಜಿನ್ನಿಂದ ನೇರ ಬ್ಲೋವರಿಗೆ ಬೆಲ್ಟು ಹಾಕಿದರೆ ಎತ್ತಿದಾಗ ಅಂತರ ಬದಲಾಗುತ್ತದೆ, ಬೆಲ್ಟು ಒಂದೋ ಬಿಗಿದು ಸೆಟೆಯುತ್ತದೆ, ಇಲ್ಲವೇ ಕಳಚಿ ಬೀಳುತ್ತದೆ. ಯು-ಜಾಯಿಂಟ್ ಶಾಫ್ಟು ಹಾಕಿದ್ದು ಅದಕ್ಕೇ. ಆದರೆ ಅದನ್ನು ಎಲ್ಲಾದರೂ ತೂರಿಸಿದರೆ ಎತ್ತಿದಾಗ ಉದ್ದ ಸಾಲದೆ ಎಳೆದುಕೊಳ್ಳುತ್ತದೆ. ಉಪಾಯ ಸುಲಭ. ಹೆಡ್ಡನ್ನು ಟ್ರ್ಯಾಕ್ಟರಿಗೆ ಹಿಡಿಸುವ ಸಬ್‌ಫ್ರೇಮಿನ ಕೀಲಿನ ಪಿನ್ನುಗಳು ಹಿಂದಿನ ಯು-ಜಾಯಿಂಟಿನ ನಡುಮಧ್ಯದ ಮಟ್ಟದಲ್ಲೇ, ಅದರ ಎಡಬಲಕ್ಕೆ ಒಂದೇ ಗೆರೆಯಲ್ಲಿ ಇರಲಿ. ಆಗ ಹೆಡ್ಡಿನ ಜೊತೆ ಶಾಫ್ಟೂ ಅದೇ ಬಿಂದುವಿನ ಸುತ್ತ ಏಳುತ್ತದೆ, ಉದ್ದ ಬದಲಾಗುವುದೇ ಇಲ್ಲ. ಕೆಲಸದ ಮಟ್ಟದಲ್ಲಿ ಶಾಫ್ಟು ನೇರ. 30 ಇಂಚು ಮುಂದಿನ ಹೆಡ್ಡನ್ನು ಆರು ಇಂಚು ಎತ್ತಿದರೆ ಕೋನ ಹನ್ನೊಂದೂವರೆ ಡಿಗ್ರಿ, ವೇಗದ ಏರಿಳಿತ ನೂರಕ್ಕೆ ಎರಡರಷ್ಟು, ಜಾಯಿಂಟು ಸಹಿಸಿಕೊಳ್ಳುತ್ತದೆ. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಸಮತಲದಲ್ಲಿರಲಿ. 2000 ಮೀರಿದ ಆರ್‌ಪಿಎಂನಲ್ಲಿ ಅದು ತಪ್ಪಿದರೆ ನಡುಕ ಸೀಟಿನವರೆಗೆ ಬರುತ್ತದೆ. ಶಾಫ್ಟಿಗೆ ಪ್ಲಾಸ್ಟಿಕ್ ಕೊಳವೆಯ ಕವಚ ಕಡ್ಡಾಯ.

ಸಬ್‌ಫ್ರೇಮು ಎರಡಿಂಚು ಚೌಕ ಕೊಳವೆ, ಗೋಡೆ 3/16 ಇಂಚು. ಟ್ರ್ಯಾಕ್ಟರಿನ ಚಾಸಿಗೆ ವೆಲ್ಡ್ ಮಾಡಲೇಬೇಡಿ, ಕಾಲಿಂಚಿನ ತಗಡು ಇಟ್ಟು 3/8 ಇಂಚಿನ ಗ್ರೇಡ್ 5 ಬೋಲ್ಟು ಹಾಕಿ (ಗ್ರೇಡ್ ಸಂಖ್ಯೆ ಹೆಚ್ಚಿದಷ್ಟೂ ಬೋಲ್ಟು ಗಟ್ಟಿ). ಹತ್ತಿರದಲ್ಲಿ ಎಲ್ಲಿ ವೆಲ್ಡ್ ಮಾಡಿದರೂ ಮೊದಲು ಬ್ಯಾಟರಿ ತಂತಿ, ರೆಗ್ಯುಲೇಟರ್ ಪ್ಲಗ್ಗು ಕಳಚಿರಲಿ. ಲಿಫ್ಟಿನ ತೋಳಿಂದ ಹೆಡ್ಡಿಗೆ ಗಟ್ಟಿ ಸಲಾಕೆ ಕಟ್ಟದೆ ಸರಪಳಿ ಕಟ್ಟಿದೆ. ಇಳಿಸಿದಾಗ ಹೆಡ್ ತನ್ನ ಭಾರದಲ್ಲೇ ನೆಲದ ಏರಿಳಿತ ಹಿಡಿದು ತೇಲಬೇಕು. ಸಲಾಕೆ ಇದ್ದರೆ ಟ್ರ್ಯಾಕ್ಟರು ಒಂದು ಉಬ್ಬು ಹತ್ತಿದ ಕೂಡಲೇ ಹೆಡ್ ಗಾಳಿಯಲ್ಲಿ ನಿಲ್ಲುತ್ತದೆ. ಹೈಡ್ರಾಲಿಕ್ ಇಲ್ಲದವರು 12 ವೋಲ್ಟಿನ ಆಕ್ಚುವೇಟರ್ (ಮೋಟಾರಿನಿಂದ ಚಾಚಿ ಒಳಸರಿಯುವ ದಂಡ) ಹಾಕಬಹುದು, ಆದರೆ ಬಲದ ಲೆಕ್ಕ ಮಾಡಿ: 110 ಕಿಲೊ ಹೆಡ್ಡಿನ ಭಾರ ಕೀಲಿನಿಂದ 75 ಸೆಂಟಿಮೀಟರ್ ಮುಂದೆ, ಆಕ್ಚುವೇಟರಿನ ತೋಳು 25 ಸೆಂಟಿಮೀಟರ್ ಆದರೆ ಬೇಕಾದದ್ದು 330 ಕಿಲೊ ಎಳೆತ. ಎಂಟುನೂರು ಪೌಂಡಿನದು ಸಾಕಾಯಿತು ಎನ್ನುವವರು ಗಡ್ಡೆ ಕಟ್ಟಿದ ಹೆಡ್ ಎತ್ತಿ ನೋಡಿಲ್ಲ.

ಕ್ಲಚ್ಚಿನ ಗಾಳಿ ಅಂತರ, ಅಂದರೆ ಕ್ಲಚ್ ಬಿಟ್ಟಾಗ ಅದರ ಮುಖಗಳ ನಡುವಿನ ಸಂದು, ಅಳೆದುಕೊಳ್ಳಿ. ಸಾಮಾನ್ಯವಾಗಿ 0.012 ಇಂಚು, ಅಂದರೆ 0.3 ಮಿಲಿಮೀಟರ್. ಮೂರು ಕಿಟಕಿಗಳಲ್ಲಿ ಫೀಲರ್ ಗೇಜ್ ತೂರಿಸಿ ಮೂರೂ ನಟ್ಟುಗಳನ್ನು ಸಮನಾಗಿ ತಿರುಗಿಸಬೇಕು. ಹುಲ್ಲು ಕತ್ತರಿಸುವಾಗ ಅಂತರ ಹೆಚ್ಚಿದ್ದರೂ ಗೊತ್ತಾಗದು. ಚಳಿಯಲ್ಲಿ ವೋಲ್ಟೇಜ್ ಇಳಿದಾಗ ಅದೇ ಕ್ಲಚ್ ಹಿಡಿಯುವುದಿಲ್ಲ, ಹಿಡಿದರೂ ಜಾರಿ ಬಿಸಿಯಾಗುತ್ತದೆ. ಹೊಸ ಕ್ಲಚ್ ಆದರೆ ಅರ್ಧ ಥ್ರಾಟಲಿನಲ್ಲಿ ಹಾಕಿ ತೆಗೆದು ಮುಖಗಳನ್ನು ಪಳಗಿಸಿ. ಪ್ರತಿ ಸಲವೂ ಅರ್ಧ ವೇಗದಲ್ಲೇ ಕ್ಲಚ್ ಹಾಕಿ, ಆಮೇಲೆ ಪೂರ್ತಿ ಏರಿಸಿ. ಪೂರ್ತಿ ವೇಗದಲ್ಲಿ ಒಮ್ಮೆಗೇ ಹಾಕಿದರೆ ಕೀ, ಜಾಯಿಂಟು, ಬೆಲ್ಟು ಎಲ್ಲಕ್ಕೂ ಹೊಡೆತ. ಓಡಿಸುವವನು ಎದ್ದರೆ ಯಂತ್ರ ನಿಲ್ಲಿಸುವ ಸೀಟಿನ ಸ್ವಿಚ್ಚನ್ನು ತಂತಿ ಸುತ್ತಿ ಸಾಯಿಸುವ ಚಟ ಕೆಲವರಿಗಿದೆ. ಎರಡು ಹಂತದ ಬ್ಲೋವರ್ ಮುಂದಿರುವಾಗ ಅದು ಬೆರಳಿನ ಜೂಜು.

ಹೆಡ್ಡಿನೊಳಗೆ ಮೊದಲು ನೋಡಬೇಕಾದದ್ದು ಆಗರ್ ಶಾಫ್ಟಿನ ಮೇಲೆ ಸುತ್ತುತ್ತದೆಯೇ ಎಂದು. ಷಿಯರ್ ಪಿನ್ (ಹೊರೆ ಮೀರಿದಾಗ ತಾನು ಮುರಿದು ಗೇರ್‌ಬಾಕ್ಸ್ ಉಳಿಸುವ ಪಿನ್) ತೆಗೆದು ಕೈಯಲ್ಲಿ ತಿರುಗಿಸಿ. ತುಕ್ಕಿಗೆ ಅಂಟಿಕೊಂಡಿದ್ದರೆ ಪಿನ್ ಮುರಿದರೂ ಪ್ರಯೋಜನವಿಲ್ಲ, ಹೊಡೆತ ನೇರ ಗೇರ್‌ಬಾಕ್ಸಿನ ಕಂಚಿನ ಚಕ್ರಕ್ಕೆ. ತೂರುವ ಎಣ್ಣೆ, ಶಾಖ, ತಾಳ್ಮೆ. ಬಿಡಿಸಿದ ಮೇಲೆ ಗ್ರೀಸ್ ನಿಪ್ಪಲ್ ಹಾಕಿ ತುಂಬಿ. ಪಿನ್ನಾಗಿ ಕಾಲಿಂಚಿನ ಮೆತ್ತನೆ ಗ್ರೇಡ್ 2 ಬೋಲ್ಟು, ಇಲ್ಲವೇ ತಯಾರಕರು ಹೇಳಿದ್ದು. "ಪದೇ ಪದೇ ಮುರಿಯುತ್ತದೆ" ಎಂದು ಗ್ರೇಡ್ 8 ಹಾಕಿದವರು ಆಮೇಲೆ ಗೇರ್‌ಬಾಕ್ಸ್ ಹುಡುಕುತ್ತಾರೆ. ಡ್ರೈವ್‌ವೇ ಮೇಲೆ ಬಿದ್ದು ಸ್ನೋದಡಿ ಹೆಪ್ಪುಗಟ್ಟಿದ ಭಾನುವಾರದ ದಪ್ಪ ಪತ್ರಿಕೆ, ಕಾಲೊರೆಸುವ ಚಾಪೆ, ಕ್ರಿಸ್‌ಮಸ್ ದೀಪದ ಸರ ಇವೇ ಪಿನ್ ಮುರಿಯುವ ಮುಖ್ಯ ಆರೋಪಿಗಳು. ಗೇರ್‌ಬಾಕ್ಸಿಗೆ 00 ದರ್ಜೆಯ ತೆಳು ಗ್ರೀಸ್. ಕಂಚಿಗೆ ಗಂಧಕ ಬೆರೆತ ಜಿಎಲ್-5 ಎಣ್ಣೆ ಆಗಿಬರದು.

ಈಗ ದೂರ ಎಸೆಯುವ ಉಪಾಯ. ಇಂಪೆಲ್ಲರಿನ ಅಲಗಿಗೂ ಡ್ರಮ್ಮಿಗೂ ನಡುವೆ ಕಾರ್ಖಾನೆಯಿಂದಲೇ ಕಾಲಿಂಚಿನಷ್ಟು ಸಂದು ಇರುತ್ತದೆ. ಪುಡಿ ಸ್ನೋ ಆದರೆ ಪರವಾಗಿಲ್ಲ, ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಸ್ನೋ ಆ ಸಂದಿನಲ್ಲಿ ಹಿಂದಕ್ಕೆ ಜಾರಿ ಮತ್ತೆ ಸುತ್ತುತ್ತದೆ, ಚ್ಯೂಟ್ ಕಟ್ಟುತ್ತದೆ. ಹುಲ್ಲಿನ ಉರುಳೆ ಕಟ್ಟುವ ಬೇಲರ್ ಯಂತ್ರದ ಹಳೆಯ ಬೆಲ್ಟನ್ನು, ನೂಲಿನ ಪದರವಿರುವ ದಪ್ಪ ರಬ್ಬರನ್ನು, ಎರಡಿಂಚು ಅಗಲದ ತುಂಡು ಮಾಡಿ ಪ್ರತಿ ಅಲಗಿಗೂ ಉಕ್ಕಿನ ಪಟ್ಟಿ ಮೇಲಿಟ್ಟು 5/16 ಬೋಲ್ಟು, ಲಾಕ್ ನಟ್ಟಿನಲ್ಲಿ ಬಿಗಿದೆ. ತುದಿ ಡ್ರಮ್ಮಿಗೆ ಸವರುವಷ್ಟು. ಮೊದಲ ನಿಮಿಷ ರಬ್ಬರ್ ವಾಸನೆ ಬಂದು, ಹೆಚ್ಚಿದ್ದಷ್ಟು ಸವೆದು ಸರಿಹೋಗುತ್ತದೆ. ಎಲ್ಲ ಅಲಗಿನ ತುಂಡುಗಳೂ ಅಡುಗೆ ತಕ್ಕಡಿಯಲ್ಲಿ ತೂಗಿ ಒಂದೇ ತೂಕಕ್ಕೆ ತನ್ನಿ. ಡ್ರಮ್ಮಿನ ಒಳಗೆ ತುಕ್ಕಿನ ತೂತಿದ್ದರೆ ಮೊದಲು ಅದನ್ನು ಮುಚ್ಚಿ, ಇಲ್ಲವಾದರೆ ರಬ್ಬರ್ ಸಿಕ್ಕಿ ಹರಿಯುತ್ತದೆ. ಕೆಸರಿನಂಥ ಸ್ನೋವನ್ನೂ ಇದು ನೀರಿನ ಧಾರೆಯ ಹಾಗೆ ಉಗುಳುತ್ತದೆ. ಇಡೀ ಜೋಡಣೆಯಲ್ಲಿ ಖರ್ಚಿಗೆ ತಕ್ಕ ಲಾಭ ಹೆಚ್ಚು ಬಂದದ್ದು ಇಲ್ಲೇ.

ಮೂತಿಗೆ 110 ಕಿಲೊ ಬಿದ್ದ ಮೇಲೆ ಹಿಂದಿನ ಗಾಲಿಗಳು ಸುಮ್ಮನೆ ಗಿರಕಿ ಹೊಡೆಯುತ್ತವೆ. ಗಾಲಿಯೊಂದಕ್ಕೆ 50 ಪೌಂಡಿನ ಎರಕದ ತೂಕ, 23x10.50-12 ಟೈರಿನೊಳಗೆ ಮುಕ್ಕಾಲು ಮಟ್ಟಕ್ಕೆ ಹೆಪ್ಪುಗಟ್ಟದ ದ್ರವ. ಒಂದೊಂದಕ್ಕೂ 30 ಲೀಟರಿನಷ್ಟು ಹಿಡಿಯುತ್ತದೆ. ಬರೀ ನೀರು ಬೇಡ, ಕ್ಯಾಲ್ಸಿಯಂ ಕ್ಲೋರೈಡ್ ರಿಮ್ ತಿನ್ನುತ್ತದೆ, ಚಳಿಗಾಲದ ವಿಂಡ್‌ಷೀಲ್ಡ್ ದ್ರವ ಅಗ್ಗದ ದಾರಿ. ಮೇಲೆ ಸರಪಳಿ, ಅಡ್ಡಪಟ್ಟಿಗಳು ಪ್ರತಿ ಎರಡನೇ ಕೊಂಡಿಗೆ ಇರುವಂಥದ್ದು. ನಾಲ್ಕು ಕೊಂಡಿಗೊಂದು ಇರುವ ಅಗ್ಗದ ಸರಪಳಿಯಲ್ಲಿ ಗಾಲಿ ಎರಡು ಪಟ್ಟಿಗಳ ನಡುವೆ ಜಾರುತ್ತದೆ. ಫೆಂಡರಿಗೆ ತಾಗುತ್ತದೆಯೇ ಎಂದು ಕೈಯಿಂದ ಒಂದು ಸುತ್ತು ತಳ್ಳಿ ನೋಡಿ. ಹೆಡ್ಡನ್ನು ನೆಲದಿಂದ ಮೇಲೆ ಹಿಡಿಯುವ ತಳದ ಸ್ಕಿಡ್ ಷೂ ಎತ್ತರ ಕಾಂಕ್ರೀಟಿಗೆ ಕಾಲಿಂಚು, ಜಲ್ಲಿಗೆ ಒಂದಿಂಚು.

ಎಂಜಿನ್ನಿಗೆ 5ಡಬ್ಲ್ಯೂ-30 ಸಿಂಥೆಟಿಕ್. ಹೈಡ್ರೋ ಎಣ್ಣೆ ಚಳಿಗೆ ದಪ್ಪವಾಗಿರುತ್ತದೆ, ಐದಾರು ನಿಮಿಷ ಸುಮ್ಮನೆ ಓಡಲು ಬಿಡಿ. ಗಾಳಿ ಸೇದುವ ಬಾಯಿಗೆ ತಗಡು ಬಾಗಿಸಿ ಸಿಲಿಂಡರಿನ ಬಿಸಿಗಾಳಿ ಸಿಗುವಂತೆ ಮಾಡಿದೆ. ತನ್ನದೇ ಬ್ಲೋವರಿನ ಸ್ನೋ ಧೂಳನ್ನು ಸೇದಿ ಕಾರ್ಬುರೇಟರ್ ಒಳಗೆ ಹೆಪ್ಪುಗಟ್ಟಿದರೆ ಎಂಜಿನ್ ಹೊರೆಯಲ್ಲಿ ಸಾಯುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಹೊರಡುತ್ತದೆ, ಕಾರಣ ಸಿಗದೆ ಜನ ಪ್ಲಗ್ಗು ಬದಲಿಸುತ್ತಾರೆ. ಬ್ರೀದರ್ ಕೊಳವೆಯ ಮೇಲೂ ಕಣ್ಣಿರಲಿ. ಒಳಗಿನ ಆವಿ ಅಲ್ಲಿ ಹೆಪ್ಪುಗಟ್ಟಿ ಮುಚ್ಚಿದರೆ ಕ್ರ್ಯಾಂಕ್‌ಕೇಸಿನ ಒತ್ತಡ ಆಯಿಲ್ ಸೀಲನ್ನೇ ಹೊರಗೆ ತಳ್ಳುತ್ತದೆ.

ಓಡಿಸುವಾಗ ಥ್ರಾಟಲ್ ಸದಾ ಪೂರ್ತಿ, ನಿಧಾನ ಮಾಡುವುದು ಗಾಲಿಯಲ್ಲಿ ಮಾತ್ರ. ರಸ್ತೆಯ ಸ್ನೋ ತಳ್ಳುವ ಲಾರಿ ಡ್ರೈವ್‌ವೇ ಬಾಯಿಗೆ ಒತ್ತಿಟ್ಟು ಹೋಗುವ ಗುಡ್ಡೆ ಘನ ಮೀಟರಿಗೆ 400 ಕಿಲೊ ದಾಟುತ್ತದೆ. ಅಲ್ಲಿ ಕಾಲು ವೇಗಕ್ಕೆ ಇಳಿಸಿ, ಅರ್ಧ ಅಗಲ ಮಾತ್ರ ಕಚ್ಚಿ. ಚ್ಯೂಟ್ ಕಟ್ಟಿದರೆ ಎಂಜಿನ್ ನಿಲ್ಲಿಸಿ, ಕೀ ತೆಗೆದು, ಕೋಲಿನಿಂದಲೇ ಬಿಡಿಸಿ. ಬೆಲ್ಟಿನಲ್ಲಿ ಉಳಿದ ಎಳೆತಕ್ಕೆ ಇಂಪೆಲ್ಲರ್ ಎಂಜಿನ್ ನಿಂತ ಮೇಲೂ ಅರ್ಧ ಸುತ್ತು ಜಿಗಿಯಬಹುದು, ಕೈಗೆ ಅಷ್ಟೇ ಸಾಕು.

ಮುಗಿದ ಮೇಲೆ ಒಂದೆರಡು ನಿಮಿಷ ಖಾಲಿ ಓಡಿಸಿ ಒಳಗಿನದನ್ನು ಉಗುಳಿಸಿ. ಡ್ರಮ್ಮಿನ ಅತಿ ತಗ್ಗಿನ ಜಾಗದಲ್ಲಿ ಅರ್ಧ ಇಂಚಿನ ತೂತು ಕೊರೆದಿಡಿ. ಗರಾಜಿನಲ್ಲಿ ಕರಗಿದ ನೀರು ಅಲ್ಲಿ ನಿಂತು ರಾತ್ರಿ ಹೆಪ್ಪುಗಟ್ಟಿದರೆ ಬೆಳಗ್ಗೆ ಇಂಪೆಲ್ಲರ್ ಅಲ್ಲಾಡದು, ಗೊತ್ತಿಲ್ಲದೆ ಕ್ಲಚ್ ಹಾಕಿದರೆ ಬೆಲ್ಟು ಸುಡುತ್ತದೆ. ಹೆಡ್ಡಿನ ತಳದ ಕೆರೆಯುವ ಪಟ್ಟಿಯಾದ ಸ್ಕ್ರೇಪರಿನಡಿ ಒಂದು ಹಲಗೆ ಇಟ್ಟರೆ ಕಾಂಕ್ರೀಟಿಗೂ ಅಂಟದು. ಬೆಲ್ಟಿನ ಸಂಖ್ಯೆ, ಪಿನ್ನಿನ ಅಳತೆ, ಕ್ಲಚ್ಚಿನ ಅಂತರ ಮೂರನ್ನೂ ಬೆಲ್ಟ್ ಮುಚ್ಚಳದ ಒಳಮೈ ಮೇಲೆ ಬಣ್ಣದಲ್ಲಿ ಬರೆದಿಡಿ, ಜೊತೆಗೆ ಆರು ಷಿಯರ್ ಪಿನ್ನು ಮತ್ತು ಒಂದು ಜೋಡಿ ಬಿ48 ಸೀಟಿನಡಿಯ ಡಬ್ಬಿಯಲ್ಲಿರಲಿ.